ಬೇಲಿ ದಾಟದ ಸಮನ್ಸ್

ನಿವೃತ್ತಿಗೆ ಎರಡು ವರ್ಷವಿದ್ದಾಗ ನಾನು ನಮ್ಮ ಸೀಮೆಯ ಒಂದು ಸಿವಿಲ್ ಕೋರ್ಟಿನಲ್ಲಿ ಪ್ರೋಸೆಸ್ ಸರ್ವರ್. ಜನರ ಬಾಯಲ್ಲಿ ಅಮೀನ. ಪ್ರತಿವಾದಿಗಳಿಗೆ ಕೋರ್ಟಿನ ಸಮನ್ಸ್ ಮುಟ್ಟಿಸಿ ಸಹಿ ಪಡೆಯುವುದು ನನ್ನ ಕೆಲಸ.

ಪರಶುರಾಂಪುರದ ಕಡೆ ಒಂದು ಸೋಲಾರ್ ಕಂಪನಿ ಬೇಲಿ ಹಾಕುವಾಗ ಕುರಿಗಳು ಕೆರೆಗಿಳಿಯುವ ದಾರಿಯನ್ನೂ ಒಳಗೆ ಹಾಕಿಕೊಂಡಿತ್ತು. ಕುರಿ ಸಾಕುವ ಈರಕ್ಕ ದಾವೆ ಹೂಡಿದಳು. ಬೇಸಿಗೆಯೊಳಗೆ ದಾರಿ ಬಿಡದಿದ್ದರೆ ಹಿಂಡನ್ನೇ ಮಾರಬೇಕಿತ್ತು.

ಸಮನ್ಸ್ ಹಿಡಿದು ಹೋದೆ. "ಮ್ಯಾನೇಜರ್ ಇಲ್ಲ" ಎಂದ ಗಾರ್ಡು. ಒಳಗೆ ಅವರ ಕಾರು ಕಾಣುತ್ತಿತ್ತು. ಗಾರ್ಡು ಕೊಟ್ಟ ಚಹಾ ಕುಡಿದು, "ಸಿಗಲಿಲ್ಲ" ಎಂದು ಷರಾ ಬರೆದು ಬಂದೆ. ಎರಡನೆಯ ಸಲವೂ ಅಷ್ಟೆ. ಲಂಚ ಮುಟ್ಟಲಿಲ್ಲ. ಯಾವ ಸರ್ಕಾರ ಬಂದರೂ ದೊಡ್ಡ ಕಂಪನಿಗಳದೇ ರಾಜ್ಯ, ಕೋರ್ಟು ಅವರನ್ನು ಏನೂ ಮಾಡದು ಎಂಬುದು ನನ್ನ ಗಟ್ಟಿ ನಂಬಿಕೆ. ಹೋಟೆಲಿನಲ್ಲಿ ಕೂತು ಅದನ್ನೇ ದೊಡ್ಡ ಜ್ಞಾನದಂತೆ ಹೇಳುತ್ತಿದ್ದೆ.

ಮೂರನೆಯ ಸಲ ಬಸ್ಸಿಳಿಯುತ್ತಲೇ ಈರಕ್ಕ ಅಡ್ಡ ನಿಂತಳು.

"ಅಮೀನ್ರೇ, ಆನೆಯಂಥ ಮನುಷ್ಯ ನಿಮ್ಮ ಕಣ್ಣಿಗೆ ಬೀಳ್ಲಿಲ್ವಾ? ನಡೀರಿ, ನಾನೇ ತೋರಿಸ್ತೀನಿ."

"ಅವ್ರ ಮುಂದೆ ಕೋರ್ಟು ಗೆಲ್ತೈತೇನಕ್ಕ?"

"ಗೆಲ್ಲೋದು ಆಮೇಲಿರ್ಲಿ. ನೀವಿನ್ನೂ ಅವ್ರನ್ನ ಕರೆದೇ ಇಲ್ವಲ್ರೀ!"

ಪ್ರತಿವಾದಿಯನ್ನು ಗುರುತಿಸಲು ದಾವೆ ಹೂಡಿದವರನ್ನು ಜೊತೆಗೆ ಕರೆದೊಯ್ಯುವುದು ನಮ್ಮ ಕೆಲಸದ ಪದ್ಧತಿ. ನಾನು ಅದನ್ನೂ ಮಾಡಿರಲಿಲ್ಲ. ಹಿಂಡು ನೋಡಿಕೊಳ್ಳುವವರಿಲ್ಲದೆ ಅವಳು ಕುರಿಗಳನ್ನೂ ಹೊಡೆದುಕೊಂಡೇ ಬಂದಳು.

ಗೇಟಿನಲ್ಲಿ ಮತ್ತೆ "ಇಲ್ಲ". ಬಿಸಿಲೇರಿತು. ಉರಿಬಿಸಿಲಲ್ಲಿ ಕುರಿಗಳು ಒಂದರ ಹೊಟ್ಟೆಯಡಿ ಇನ್ನೊಂದು ತಲೆ ತೂರಿಸಿ ನಿಂತರೆ ಕದಲಿಸುವುದು ಕಷ್ಟ. ಗೇಟಿನೆದುರೇ ಹಾಗೆ ನಿಂತುಬಿಟ್ಟವು. ಊಟಕ್ಕೆ ಹೊರಟ ಕಾರು ಹಾರನ್ ಹೊಡೆದು ಸೋತಿತು. ಮ್ಯಾನೇಜರ್ ಇಳಿದರು.

"ಯಾರದ್ದ್ರೀ ಈ ಕುರಿ? ದಾರಿ ಬಿಡಿಸ್ರಿ!"

"ನಾನೂ ಅದನ್ನೇ ಕೇಳ್ತಿರೋದು ಸ್ವಾಮಿ," ಎಂದು ಈರಕ್ಕ ನನ್ನತ್ತ ತಿರುಗಿದಳು. "ಇವ್ರೇ ನೋಡ್ರಿ ಅಮೀನ್ರೇ, ಮ್ಯಾನೇಜರ್ರು."

ಸಮನ್ಸ್ ಕೊಟ್ಟೆ. ಅವರು ಸಿಡುಕುತ್ತಲೇ ಸಹಿ ಹಾಕಿದರು. ಗಾರ್ಡು ಆ ಕಡೆ ತಿರುಗಿ ನಗುತ್ತಿದ್ದ.

ಮುಂದಿನ ವಾಯಿದೆಗೆ ಕಂಪನಿಯ ವಕೀಲರು ಬಂದರು. ನ್ಯಾಯಾಧೀಶರು ಸ್ಥಳ ನೋಡಿಬರಲು ಒಬ್ಬ ವಕೀಲರನ್ನು ಕೋರ್ಟ್ ಕಮಿಷನರಾಗಿ ಕಳಿಸಿ, ವರದಿ ಬಂದ ಮೇಲೆ, ಕೇಸು ಮುಗಿಯುವವರೆಗೆ ದಾರಿ ತೆರೆದಿಡಬೇಕೆಂದು ಆದೇಶಿಸಿದರು. ಬೇಸಿಗೆ ಬಲಿಯುವ ಮೊದಲೇ ಕಂಪನಿಯವರು ಬೇಲಿ ಬಿಚ್ಚಿದರು. ಕುರಿಗಳು ನುಗ್ಗಿ ಕೆರೆಗಿಳಿದವು.

ನೋಡಲು ಹೋಗಿದ್ದ ನಾನು ಅಲ್ಲಿಯೇ ಈರಕ್ಕನೆದುರು ನನ್ನ ತಪ್ಪು ಒಪ್ಪಿಕೊಂಡೆ. "ಗೊತ್ತೈತೆ ಬಿಡ್ರಿ, ಚಹಾ ಕುಡಿಯೋದು ನಾನೇ ನೋಡಿದ್ದೆ," ಎಂದು ನಕ್ಕಳು.

ದೊಡ್ಡವರೆದುರು ಕೋರ್ಟು ಕೈಕಟ್ಟಿ ನಿಲ್ಲುತ್ತದೆಂದು ನಾನು ಊರೆಲ್ಲ ಸಾರುತ್ತಿದ್ದೆ. ಆ ದೊಡ್ಡವರನ್ನು ಕೋರ್ಟಿನೆದುರು ನಿಲ್ಲಿಸಬೇಕಾದವನು ನಾನೇ ಆಗಿದ್ದೆ.