ಇಂಟರ್ವಲ್ ತನಕದ ವಿಮರ್ಶಕ

ಇದನ್ನು ಬರೆಯಬೇಕೆಂದು ಕೂತು ಎದ್ದು ಒಂದು ವರ್ಷವಾಯಿತು. ಮೊದಲು ಕನ್ನಡಕ ಸರಿಯಿಲ್ಲ ಎಂದೆ. ಕನ್ನಡಕ ಬದಲಾಯಿತು. ಆಮೇಲೆ ಬಿಸಿಲು ಎಂದೆ. ಮಳೆಗಾಲವೂ ಹೋಯಿತು. ಇನ್ನು ನೆವ ಉಳಿದಿಲ್ಲ.

ತೆಲುಗು ಸೀಮೆಯೊಳಗೆ ಕನ್ನಡ ಆಡುವ ನಮ್ಮ ರಾಯಿಕೋಡಿನಲ್ಲಿ ನಾನು ಸಿನಿಮಾ ವಿಮರ್ಶಕನಾಗಿದ್ದೆ. ಪತ್ರಿಕೆಯಲ್ಲಲ್ಲ, ಬಸ್ ಸ್ಟ್ಯಾಂಡ್ ಎದುರಿನ ಚಹಾದ ಹೋಟೆಲಿನಲ್ಲಿ. ಮೆಟ್ರಿಕ್ ಪಾಸಾಗಿ, ಸೊಸೈಟಿಯ ಗೊಬ್ಬರದ ಗೋದಾಮಿನಲ್ಲಿ ಚೀಟಿ ಬರೆಯುತ್ತ ಮುದುಕನಾದವನು ನಾನು. ಜಹೀರಾಬಾದಿಗೆ ಹೊಸ ತೆಲುಗು ಚಿತ್ರ ಬಂದ ಶುಕ್ರವಾರ ಮ್ಯಾಟಿನಿಗೆ ಹೋಗುವುದು, ಸಂಜೆ ಹೋಟೆಲಿನಲ್ಲಿ ಕನ್ನಡದಲ್ಲಿ ಕಥೆ ಹೇಳಿ ತೀರ್ಪು ಕೊಡುವುದು. ನಾನು ‘ಹೋಗ್ರಿ’ ಅಂದರೆ ಮಂದಿ ಹೋಗುತ್ತಿದ್ದರು. ‘ಬ್ಯಾಡ್ರಿ’ ಅಂದರೆ ಅದೇ ದುಡ್ಡಿಗೆ ಮಿರ್ಚಿ ಭಜಿ ತಿನ್ನುತ್ತಿದ್ದರು.

ಒಂದು ಸಂಗತಿಯನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ನಮ್ಮೂರಿನ ಬಸ್ಸು ಜಹೀರಾಬಾದ್ ಬಿಡುವುದು ನಾಲ್ಕೂವರೆಗೆ. ಅದು ತಪ್ಪಿದರೆ ಮುಂದಿನದು ಎಂಟಕ್ಕೆ. ಅಷ್ಟರಲ್ಲಿ ಹೋಟೆಲಿನ ಒಲೆ ಆರಿ, ಕೇಳುವವರೆಲ್ಲ ಮನೆ ಸೇರಿರುತ್ತಿದ್ದರು. ಹಾಗಾಗಿ ನಾನು ಪ್ರತಿಸಲ ಇಂಟರ್ವಲ್ಲಿಗೇ ಎದ್ದು ಬರುತ್ತಿದ್ದೆ. ಉಳಿದರ್ಧ ಕಥೆಯನ್ನು ಬಸ್ಸಿನಲ್ಲಿ ಕೂತು ನಾನೇ ಕಟ್ಟುತ್ತಿದ್ದೆ. ಹುಡುಗಿ ಒಪ್ಪುತ್ತಾಳೆ, ಕೆಟ್ಟವನು ಜೈಲಿಗೆ ಹೋಗುತ್ತಾನೆ. ಬಹಳ ಸಲ ಸರಿಯಾಗಿಯೇ ಇರುತ್ತಿತ್ತು.

ಏಳು ವರ್ಷದ ಹಿಂದೆ ಶ್ರೀಮಂತರನ್ನು ಗೇಲಿ ಮಾಡುವ ಒಂದು ಚಿತ್ರ ಬಂತು. ಅದಕ್ಕೆ ನಾಯಕನೂ ಇಲ್ಲ, ನಾಯಕಿಯೂ ಇಲ್ಲ. ಹತ್ತು ಹನ್ನೆರಡು ದುಡ್ಡಿನವರು ಒಂದು ತೋಟದ ಬಂಗಲೆಯಲ್ಲಿ ಹಬ್ಬಕ್ಕೆ ಸೇರುತ್ತಾರೆ, ಅಷ್ಟೇ. ಶೂಟಿಂಗ್ ಆದದ್ದು ನಮ್ಮ ಹೈವೇ ಮಗ್ಗುಲಲ್ಲೇ. ನನ್ನ ಅಕ್ಕನ ಗಂಡ, ನಾವು ಮಾಮಾ ಅನ್ನುತ್ತೇವೆ, ಆಗ ಅಲ್ಲೇ ಕಬ್ಬು ಕಡಿದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ಕೂಡಿಸಿದ್ದ. ಸಿನಿಮಾದವರು ಅವನನ್ನು ಕುರಿ ಸಮೇತ ಕರೆದೊಯ್ದು ಒಂದು ಮಾತು ಆಡಿಸಿದರಂತೆ. ನಾರಾಯಣಖೇಡದ ಹತ್ತಿರದ ತನ್ನ ಗಂಡನ ಹಳ್ಳಿಯಲ್ಲಿ ಅಕ್ಕ ಈ ಸುದ್ದಿಯನ್ನು ಓಣಿಗೆಲ್ಲ ಹಂಚಿದಳು. ಚಿತ್ರ ಬಂದ ಭಾನುವಾರ ಹೆಂಗಸರನ್ನೆಲ್ಲ ಕರೆದೊಯ್ಯಲು ಜೀಪೂ ಗೊತ್ತು ಮಾಡಿದಳು.

ನಾನು ಶುಕ್ರವಾರವೇ ಹೋಗಿ, ಎಂದಿನಂತೆ ಇಂಟರ್ವಲ್ಲಿಗೆ ಎದ್ದು ಬಂದೆ.

“ಒಬ್ಬಾಕಿ ಸೋಫಾದ ಮ್ಯಾಲಿಂದ ಏಳ್ತಾಳ, ಇನ್ನೊಬ್ಬಾಕಿ ಕುಂಡರ್ತಾಳ,” ಎಂದೆ ಹೋಟೆಲಿನಲ್ಲಿ. “ಒಬ್ಬಾಂವ ತನ್ನ ಕಾರಿನ ಸುದ್ದಿ ಹೇಳ್ತಾನ, ಇನ್ನೊಬ್ಬಾಂವ ತನ್ನ ನಾಯಿ ಸುದ್ದಿ. ಸೋಫಾ ಖರೀದಿ ಮಾಡೋರಿದ್ರ ಹೋಗ್ರಿ.”

ಎಲ್ಲರೂ ನಕ್ಕರು. ಹೋಟೆಲಿನವನು ಕೇಳಿದ, “ಅದ್ರಾಗ ನಿಮ್ಮ ಮಾಮಾ ಅದಾರಂತಲ್ರಿ?”

“ಸೋಫಾದ ಕೆಳಗ ಇದ್ರೋ ಏನೋ. ನನಗಂತೂ ಕಾಣಲಿಲ್ಲ.”

ಅದಕ್ಕೆ ಇನ್ನೂ ಜಾಸ್ತಿ ನಕ್ಕರು. ನನಗೂ ಖುಷಿಯಾಯಿತು. ಆ ಮಾತು ಮರುದಿನ ಮೊದಲ ಬಸ್ಸಿಗೇ ನಾರಾಯಣಖೇಡ ಮುಟ್ಟಿತು. ಮಧ್ಯಾಹ್ನದೊಳಗೆ ಅಕ್ಕ ನನ್ನ ಬಾಗಿಲಲ್ಲಿದ್ದಳು. ನೀರು ಕೊಟ್ಟರೂ ಕುಡಿಯಲಿಲ್ಲ.

“ತಮ್ಮಾ, ಖರೇ ಹೇಳು. ಅವರು ಅದ್ರಾಗ ಇಲ್ಲೇನು?”

ಅರ್ಧಕ್ಕೆ ಎದ್ದು ಬಂದೆ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಇಷ್ಟು ವರ್ಷದ ವಿಮರ್ಶೆಯೂ ಅದರೊಂದಿಗೇ ಮುಗಿಯುತ್ತಿತ್ತು. “ಇಲ್ಲಕ್ಕ. ಎಲ್ಲೂ ಇಲ್ಲ,” ಎಂದೆ.

“ದೇವರ ಆಣಿ ಮಾಡಿ ಹೇಳ್ಯಾರ, ಮಾತಾಡೀನಿ ಅಂತ.”

“ಮಾತಾಡಿರ್ತಾರ. ಸಿನಿಮಾದವ್ರು ಕತ್ತರಿಸಿ ಒಗದಿರ್ತಾರ.”

“ಕುರಿ ಆದ್ರೂ ಅದಾವೇನು?”

“ಕುರೀನೂ ಇಲ್ಲ.”

ಅವಳು ಜೀಪು ಬೇಡವೆಂದು ಅಲ್ಲಿಂದಲೇ ಫೋನ್ ಮಾಡಿಸಿದಳು.

ಭಾನುವಾರ ಹೋಟೆಲಿಗೆ ಬಂದ ತೆಲುಗು ಪತ್ರಿಕೆಯಲ್ಲಿ ಚಿತ್ರದ ವಿಮರ್ಶೆ ಇತ್ತು. ಪಟ್ಟಣದ ವಿಮರ್ಶಕನಿಗೆ ಚಿತ್ರ ತುಂಬ ಹಿಡಿಸಿತ್ತು. ಮೊದಲರ್ಧವನ್ನು ಬೇಕೆಂದೇ ಎಳೆದಿದ್ದಾರೆ, ನಿಜವಾದ ಚಿತ್ರ ಶುರುವಾಗುವುದೇ ಇಂಟರ್ವಲ್ ಆದ ಮೇಲೆ ಎಂದು ಬರೆದಿದ್ದ. ಬಂಗಲೆಯ ಆಳುಗಳೆಲ್ಲ ಕೆಲಸ ಬಿಟ್ಟು ಹೋಗುತ್ತಾರೆ. ದುಡ್ಡಿನವರು ಎರಡು ದಿನ ಉಪವಾಸ. ಆಗ ಒಬ್ಬ ಕುರುಬ ಹಿಂಡಿನೊಂದಿಗೆ ಆ ದಾರಿಯಲ್ಲಿ ಬರುತ್ತಾನೆ. ಒಂದು ಕುರಿ ಕೊಡು ಎಂದು ಎಲ್ಲರೂ ಅವನನ್ನು ಸುತ್ತುವರಿಯುತ್ತಾರೆ. “ಕೊಡ್ತೀನ್ರಿ. ಕೊಯ್ಯೋರು ಯಾರು?” ಎಂದು ಅವನು ತನ್ನ ಕನ್ನಡದಲ್ಲೇ ಕೇಳುತ್ತಾನೆ. ಅಷ್ಟೂ ಜನ ಒಬ್ಬರ ಮುಖ ಒಬ್ಬರು ನೋಡುತ್ತ ನಿಲ್ಲುತ್ತಾರೆ. ಇಡೀ ಚಿತ್ರಮಂದಿರ ನಗುವುದು ಇಲ್ಲಿ, ಎಲ್ಲ ನಟರಿಗಿಂತ ಚೆನ್ನಾಗಿ ಮಾಡಿದವನು ಈ ಹೆಸರಿಲ್ಲದ ಕುರುಬ ಎಂದು ವಿಮರ್ಶಕ ಬರೆದಿದ್ದ.

ಚಿತ್ರ ಗುರುವಾರದವರೆಗೂ ಇತ್ತು. ಇನ್ನೂ ನಾಲ್ಕು ದಿನ. ನಾನು ಆ ಹಾಳೆಯನ್ನು ಮಡಚಿ ಅಂಗಿಯೊಳಗೆ ಇಟ್ಟುಕೊಂಡೆ.

“ಸಿನಿಮಾ ಪೇಜ್ ಎಲ್ಲಿ ಹೋತ್ರಿ?” ಎಂದ ಹೋಟೆಲಿನವನು.

“ಯಾರೋ ಅದ್ರಾಗ ಭಜಿ ಕಟ್ಕೊಂಡು ಹೋಗ್ಯಾರ,” ಎಂದೆ.

ಹಳ್ಳಿಯಲ್ಲಿ ಮಾಮಾನಿಗೆ ‘ಹೀರೋ’ ಎಂಬ ಹೆಸರು ಬಿತ್ತು. ಹಿಂಡಿನ ಹಿಂದೆ ಅವನು ಬಂದರೆ “ಹೀರೋ ಬಂದ್ರು, ಸರದ ನಿಂದರ್ರೆ” ಎಂದು ಹೆಂಗಸರು ಬಾಗಿಲಿಗೆ ಬರುತ್ತಿದ್ದರು. ಅದನ್ನು ಅವನು ಸಹಿಸಿಕೊಂಡ. ಆದರೆ ಅಕ್ಕನೂ ಅವನ ಮಾತನ್ನು ನಂಬುವುದು ಬಿಟ್ಟಳು. ಸಂತೆಯಲ್ಲಿ ಟಗರಿಗೆ ಇಷ್ಟು ಬಂತು ಎಂದರೂ, ಮಳೆಯಿಂದ ತಡವಾಯಿತು ಎಂದರೂ, “ಸಿನಿಮಾದಾಗ ಮಾಡಿದಂಗೇನು?” ಎನ್ನುತ್ತಿದ್ದಳು. ನಾನು ಎದುರಿಗಿದ್ದಾಗಲೇ ಒಮ್ಮೆ ಅಂದಳು. ಮಾಮಾ ನನ್ನ ಕಡೆ ನೋಡಿ, “ನಿನ್ನ ತಮ್ಮ ಸಾಲಿ ಕಲ್ತಾಂವ. ಅಂವ ಇಲ್ಲ ಅಂದ್ರ ಇಲ್ಲ ಬಿಡು,” ಎಂದ. ಅವನಿಗೇ ತನ್ನ ಮಾತಿನ ಮೇಲೆ ಅನುಮಾನ ಬಂದಿತ್ತು.

ಕಳೆದ ವರ್ಷ ಆ ಚಿತ್ರ ಟಿವಿಯಲ್ಲಿ ಬಂತು, ಅಕ್ಕನ ಹಳ್ಳಿಯೆಲ್ಲ ಮಲಗಿರುವ ನಡುರಾತ್ರಿಯಲ್ಲಿ. ಮೊದಲ ಸಲ ನಾನು ಇಂಟರ್ವಲ್ ದಾಟಿ ಕೂತೆ. ಮಾಮಾ ಬಂದ, ಕುರಿಗಳೂ ಬಂದವು. ಹೆಂಡತಿ “ಅಯ್ಯ, ನಿಮ್ಮ ಮಾಮಾ!” ಎಂದು ಕೂಗಿ, ಆಮೇಲೆ ಬಹಳ ಹೊತ್ತು ಟಿವಿ ಬಿಟ್ಟು ನನ್ನನ್ನೇ ನೋಡಿದಳು.

ಮುಂದೆ ತಾಂಡೂರಿನಲ್ಲಿ ಒಂದು ಮದುವೆಗೆ ಮಾಮಾ ಬಂದಿದ್ದ. ಊಟದ ಪೆಂಡಾಲಿನ ಹಿಂದೆ ಕರೆದೊಯ್ದು ಎಲ್ಲ ಹೇಳಿದೆ, ಹಾಳೆ ಬಚ್ಚಿಟ್ಟದ್ದನ್ನೂ. ಕೈ ಮುಗಿದೆ. ಅವನು ಬೀಡಿ ಹಚ್ಚಿಕೊಂಡ.

“ನನ್ನ ಮಾತಿಗೆ ಮಂದಿ ನಕ್ರಂತೇನು?”

“ಭಾಳ ನಕ್ರಂತ, ಮಾಮಾ.”

“ಹಂಗಾರ ಆತು ಬಿಡು.” ಅವನೂ ನಕ್ಕ. ಬೀಡಿಯ ಬೂದಿ ಕೊಡವಿ ಅಂದ: “ಆದ್ರ ಆಕಿಗೆ ನೀನ ಹೇಳ್ಬೇಕು. ನಾ ಹೇಳಿದ್ರ ಆಕಿ ನಂಬಂಗಿಲ್ಲ.”

ಹೇಳುತ್ತೇನೆ ಎಂದು ಮಾತು ಕೊಟ್ಟೆ. ಅದಾದ ಮೇಲೆ ನಾಲ್ಕು ಸಲ ಅವರ ಮನೆಗೆ ಹೋಗಿ ಉಂಡು ಬಂದಿದ್ದೇನೆ. ಪ್ರತಿಸಲ ಮಾಮಾ ನನ್ನ ಮುಖ ನೋಡುತ್ತಾನೆ, ನಾನು ತಾಟು ನೋಡುತ್ತೇನೆ. ತಮ್ಮ ಸುಳ್ಳು ಹೇಳುವವನಲ್ಲ ಎಂದು ನಂಬಿ, ಕಟ್ಟಿಕೊಂಡವನನ್ನು ಏಳು ವರ್ಷ ಸುಳ್ಳುಗಾರನೆಂದು ತಿಳಿದು ಬಾಳಿದವಳು, ನಾನು ಇನ್ನೂ ಕ್ಷಮೆ ಕೇಳಬೇಕಾಗಿರುವವಳು, ನನ್ನ ಅಕ್ಕ.