ಹಿನ್ನೀರಿನ ದೋಣಿಗೆ ಅಂಟುವಾಳ ಒಯ್ದ ದಿನ

ಬೆಳಗ್ಗೆ ಆರಕ್ಕೆ ಇಮ್ಲಿಬನ್ ನಿಲ್ದಾಣದಲ್ಲಿ ದೇವರಕೊಂಡದ ಬಸ್ಸು ಹತ್ತಿದೆವು. ಜೊತೆಗಿದ್ದವಳು ದೇವಕ್ಕ, ಹಿಮಾಯತ್‌ನಗರದ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲು ಗುಡಿಸುವವಳು, ರಾಯಚೂರು ಕಡೆಯವಳು. ಅವಳ ತಂಗಿ ಮಲ್ಲಮ್ಮ ಗಂಡ ತಾಯಪ್ಪನೊಂದಿಗೆ ಕೃಷ್ಣೆಯ ಹಿನ್ನೀರಿನಲ್ಲಿ ಮೀನು ಹಿಡಿಯುತ್ತ ದೋಣಿಯ ಮೇಲೆಯೇ ವಾಸವಾಗಿದ್ದಾಳೆ. ಸೋಪಿನ ಪುಡಿಯಿಂದ ಮಲ್ಲಮ್ಮನ ಅಂಗೈ ಬಿರಿದಿತ್ತು. ಒಗೆದ ನೊರೆ ದೋಣಿಯ ಸುತ್ತಲೇ ನಿಲ್ಲುತ್ತಿತ್ತು. ಅಡುಗೆಗೂ ಅದೇ ನೀರು. ನಾನು ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಮೂರು ವರ್ಷದಿಂದ ಮನೆಯ ಬಟ್ಟೆಗಳನ್ನು ಅಂಟುವಾಳದ ಕಾಯಿಯಲ್ಲೇ ಒಗೆಯುತ್ತಿದ್ದೆ. ಎರಡು ಕಿಲೋ ಕಾಯಿ ಚೀಲಕ್ಕೆ ತುಂಬಿಕೊಂಡು ನಾನೇ ತೋರಿಸಿಕೊಡುತ್ತೇನೆಂದು ಹೊರಟಿದ್ದೆ.

ಕಂಡಕ್ಟರ್ ನಮ್ಮಿಬ್ಬರ ಆಧಾರ್ ನೋಡಿ ಹೆಂಗಸರಿಗಿರುವ ಉಚಿತ ಸೊನ್ನೆ ಟಿಕೆಟ್ ಕೊಟ್ಟ. ಮೂರು ತಾಸಿನ ದಾರಿ. ದೇವರಕೊಂಡದಲ್ಲಿ ಇಡ್ಲಿ ತಿಂದು, ತಲೆಗೆ ಎಂಬತ್ತು ರೂಪಾಯಿಯಂತೆ ಶೇರ್ ಆಟೋ ಹಿಡಿದು ನೀರಿನ ದಂಡೆಗೆ ಬರುವಾಗ ಹತ್ತೂವರೆ. ಮಾರ್ಚಿನ ಬಿಸಿಲು. ಗಾಳಿ ಒಂದಿಷ್ಟೂ ಇರಲಿಲ್ಲ.

ತಾಯಪ್ಪ ಹರಿಗೋಲಿನಲ್ಲಿ ನಮ್ಮನ್ನು ದೋಣಿಗೆ ಕರೆದೊಯ್ದ. ಬಿದಿರಿನ ಕಮಾನಿನ ಮೇಲೆ ಟಾರ್ಪಾಲು, ಕೆಳಗೆ ಒಲೆ, ಎರಡು ಟ್ರಂಕು. ಪಕ್ಕದಲ್ಲಿ ನೀರಿಗೆ ಇಳಿಬಿಟ್ಟ ದೊಡ್ಡ ಜಾಳಿಗೆ. ನಾಲ್ಕು ದಿನ ಹಿಡಿದ ರೋಹು, ಕಾಟ್ಲಾ ಅದರಲ್ಲಿ ಜೀವಂತ ಇದ್ದವು.

"ಒಗೆದ ನೀರು ಇಲ್ಲೇ ಚೆಲ್ಲಬ್ಯಾಡ್ರಿ ಅಕ್ಕೋರ. ಮೀನ ಅದಾವ," ಎಂದ.

"ಇದು ಮರದ ಕಾಯಿ. ಇದರಿಂದ ಏನೂ ಆಗೋದಿಲ್ಲ," ಎಂದೆ.

ಅವನಿಗೆ ನಂಬಿಕೆ ಬರಲಿಲ್ಲ. ಆದರೂ ಮಾತು ಬೆಳೆಸದೆ ಮೀನಿನ ವ್ಯಾಪಾರಿಯನ್ನು ಕರೆತರಲು ದಂಡೆಗೆ ಹೋದ.

ಬಿಸಿನೀರಿನಲ್ಲಿ ಕಾಯಿ ನೆನೆಸಿ, ಹಿಚುಕಿ, ಬೀಜ ತೆಗೆದು, ತಾಯಪ್ಪನ ಅಂಗಿಗಳನ್ನು ಒಗೆದೆವು. ಮೀನಿನ ವಾಸನೆ ಹೋಯಿತು. "ಕೈ ಉರಿಯಂಗಿಲ್ಲ ನೋಡಕ್ಕಾ," ಎಂದು ಮಲ್ಲಮ್ಮ ದೇವಕ್ಕನಿಗೆ ಅಂಗೈ ತೋರಿಸಿದಳು. ನನಗೆ ಹೆಮ್ಮೆಯಾಯಿತು. ಒಗೆದ ಮೂರು ಬೋಗುಣಿ ನೀರನ್ನೂ ನಾನೇ ದೋಣಿಯ ಅಂಚಿನಿಂದ ಸುರಿದೆ.

ಸ್ವಲ್ಪ ಹೊತ್ತಿಗೆ ಜಾಳಿಗೆಯಲ್ಲಿ ಪಟಪಟ ಸದ್ದು. ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಒಂದು ಹೊಟ್ಟೆ ಮೇಲಾಗಿ ತೇಲಿತು.

ಮಲ್ಲಮ್ಮ ಜಾಳಿಗೆಯ ಮೇಲೆ ಬಾಗಿದಳು. "ನಮ್ಮಜ್ಜ ಮಡುವಿನ್ಯಾಗ ಇಂಥದ್ದ ಯಾವುದೋ ಕಾಯಿ ಕುಟ್ಟಿ ಹಾಕಿ ಮೀನ ತೇಲಸ್ತಿದ್ದ. ಈಗ ನೆನಪಾತು. ಅಕ್ಕಾ, ಹಗ್ಗ ಬಿಚ್ಚ!"

ದೇವಕ್ಕ ದೋಣಿ ಕಟ್ಟಿದ್ದ ಹಗ್ಗ ಬಿಚ್ಚಿದಳು. ಮಲ್ಲಮ್ಮ ಉದ್ದನೆಯ ಗಳ ಊರಿ ದೋಣಿಯನ್ನು ನೊರೆಯ ನೀರಿನಿಂದ ಆಚೆಗೆ ತಳ್ಳಿದಳು. ಜಾಳಿಗೆ ತಳದ ಕಲ್ಲಿಗೆ ಸಿಕ್ಕದಂತೆ ಎತ್ತಿ ಹಿಡಿಯುವುದು ನನ್ನ ಪಾಲಿಗೆ ಬಂತು. ಜಾಳಿಗೆಯ ಹಗ್ಗ ಜಾರಿ ಬೆರಳು ತರಚಿತು. ನಿಂತ ನೀರಿನಲ್ಲಿ ದೋಣಿ ಎಷ್ಟು ನಿಧಾನ ಹೋಗುತ್ತದೆಂದು ಆವತ್ತು ಕಂಡೆ. ಇನ್ನೊಂದು ಮೀನು ತೇಲಿತು, ಮತ್ತೊಂದು.

ಆಳದ ಹರಿವಿಗೆ ತಲುಪಿದ ಮೇಲೆ ಜಾಳಿಗೆಯನ್ನು ಪೂರ್ತಿ ಇಳಿಬಿಟ್ಟೆವು. ಬಾಯಿ ಬಿಡುತ್ತಿದ್ದ ಮೀನುಗಳು ಒಂದೊಂದಾಗಿ ಕೆಳಗಿಳಿದವು. ಒಂಬತ್ತು ಇಳಿಯಲಿಲ್ಲ.

ತಾಯಪ್ಪ ಹರಿಗೋಲಿಗೆ ಹುಟ್ಟು ಹಾಕುತ್ತ ಅಲ್ಲಿಗೇ ಬಂದ. ವ್ಯಾಪಾರಿ ದಂಡೆಯಲ್ಲೇ ಕಾಯುತ್ತಿದ್ದ. ಹೆಂಡತಿ ಬಾಯಿ ತೆರೆಯುವ ಮೊದಲೇ, "ನೀರು ಚೆಲ್ಲಿದ್ದು ನಾನು. ನೀವು ಬೇಡ ಅಂದಿದ್ದಿರಿ," ಎಂದೆ.

ಅವನು ಸತ್ತ ಮೀನೊಂದನ್ನು ಎತ್ತಿ ಕಿವಿರು ಬಿಡಿಸಿ ನೋಡಿದ. "ಇವು ತಿನ್ನಾಕ ಬರ್ತಾವೇನ್ರಿ?"

"ನನಗೆ ಗೊತ್ತಿಲ್ಲ," ಎಂದೆ. ಆ ದಿನ ಆ ಮಾತು ಆಡಿದ್ದು ಅದೇ ಮೊದಲು.

"ಗೊತ್ತಿಲ್ಲ ಅಂದ್ರ ಮಾರಂಗಿಲ್ಲ," ಎಂದ. ಬದುಕಿದ್ದ ಮೀನುಗಳನ್ನು ವ್ಯಾಪಾರಿಗೆ ತೂಗಿ ಕೊಟ್ಟು, ಒಂಬತ್ತನ್ನೂ ದಂಡೆಯ ಮಣ್ಣಿನಲ್ಲಿ ಹೂತ. ಉಳಿದ ಕಾಯಿಯನ್ನು ನಾನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ. ಮಲ್ಲಮ್ಮ ತಡೆದಳು.

"ಇಲ್ಲೇ ಇರ್ಲಿರಿ. ನನ್ನ ಕೈಗೆ ಇದು ಹೊಂದತೈತಿ. ಇನ್ನ ಮ್ಯಾಲ ಅರಿವಿ ದಂಡಿ ಮ್ಯಾಲ ಒಗೀತೀನಿ."

ಸಂಜೆ ನಾಲ್ಕರ ಆಟೋದಲ್ಲಿ ಕೂತು ಹೊರಡಲು ಕಾಯುವಾಗ ಹಿಂತಿರುಗಿ ನೋಡಿದೆ. ಮಲ್ಲಮ್ಮ ಉಳಿದ ಬಟ್ಟೆ ಒಗೆದ ನೀರಿನ ಬೋಗುಣಿಯನ್ನು ಸೊಂಟದ ಮೇಲೆ ಇಟ್ಟುಕೊಂಡು ದಂಡೆಯ ಏರು ಹತ್ತುತ್ತಿದ್ದಳು. ನೀರಿನಿಂದ ಬಹಳ ದೂರ, ಜಾಲಿಗಿಡದ ಬುಡದಲ್ಲಿ ಬೋಗುಣಿ ಬಗ್ಗಿಸಿ, ಮಣ್ಣು ನೀರನ್ನೆಲ್ಲ ಹೀರುವವರೆಗೂ ಅಲ್ಲೇ ನಿಂತಿದ್ದಳು.