ಘಾಟು ಹತ್ತಿದ ಕಣ್ಣು

ನಮ್ಮ ಮಗ್ಗುಲ ಮನೆಯ ಹಮಾಲ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುತ್ತಿದ್ದ. ಕುಡಿದು ಬಂದ ದಿನವೂ ಟವೆಲಿನ ತುದಿಯಿಂದ ಕೆಂಪು ಕಣ್ಣು ಒರೆಸಿಕೊಂಡು, "ಮೆಣಸಿನಕಾಯಿ ಘಾಟು ರೀ, ಅಕ್ಕಾರ" ಅನ್ನುತ್ತಿದ್ದ. ಹೆಂಡತಿ ವರ್ಷಗಟ್ಟಲೆ ನಂಬಿದಳು. ಆಮೇಲೆ ಏನು ಹೇಳಿದರೂ ನಂಬುವುದನ್ನೇ ಬಿಟ್ಟಳು.

ಹಾವೇರಿಯ ಆಸ್ಪತ್ರೆಯಲ್ಲಿ ಹದಿನೈದು ದಿನ ಮಲಗಿ ಬಂದವನು ಕುಡಿತ ಬಿಟ್ಟ. ಮೊದಮೊದಲು ಗಂಜಿಯಷ್ಟೇ ಸೇರುತ್ತಿತ್ತು. ನಿಧಾನಕ್ಕೆ ಒಂದು ರೊಟ್ಟಿ ಸೇರಿತು, ಆಮೇಲೆ ಎರಡು. ಅಷ್ಟಕ್ಕೇ ನಾನು ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ.

ಮತ್ತೆ ಕೆಲಸಕ್ಕೆ ಹೋದ ಮೊದಲ ದಿನವೇ ಸಂಜೆ ಕೆಂಪು ಕಣ್ಣಲ್ಲಿ ಬಂದ. ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

"ಇವತ್ತ ಖರೇನ ಘಾಟು ಐತಿ," ಅಂದ.

"ಆ ಹಳೇ ಪದಾ ಬಿಟ್ಟು ಬ್ಯಾರೇ ಹಾಡು. ನಾಳೆ ಮಕ್ಕಳನ್ನ ಕರಕೊಂಡು ತವರಿಗೆ ಹೊಕ್ಕೇನಿ."

ಕಟ್ಟೆ ಮೇಲೆ ಕುಳಿತಿದ್ದ ನನ್ನ ಕಡೆ ತಿರುಗಿದ. "ಅಕ್ಕಾರ, ನೀವರ ಬಂದು ಬಾಯಿ ಮೂಸಿ ನೋಡ್ರಿ."

"ಅದು ನನ್ನ ಕೆಲಸಲ್ಲಪ್ಪಾ, ಆಕೀದು," ಅಂದೆ.

ಆಕೆ ಹಲ್ಲು ಕಚ್ಚಿ ಹತ್ತಿರ ಬಂದು ಮೂಸಿದಳು. ಒಂದರ ಹಿಂದೊಂದು ನಾಲ್ಕು ಸೀನು ಬಂದವು. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಾಗಿಲು ಬಿಟ್ಟು ಸರಿದಳು.

"ಅಂಗಿ ಹೊರಗ ಝಾಡಿಸಿ ಒಳಗ ಬಾ," ಅಂದಳು.